ಹಳ್ಳ ದಾಟಿದ ಹೆಸರು

ಹೊತ್ತು ನೆತ್ತಿಗೇರುವಷ್ಟರಲ್ಲಿ ಬಾಯವ್ವನ ಬೆರಳ ಸಂದಿಯ ಸೀಳುಗಳಿಗೆ ಮಣ್ಣು ಹೊಕ್ಕು ಉರಿಯತೊಡಗಿತ್ತು. ಸಂಪಗಾಂವ ಕಡೆಯ ಎರೆ ಹೊಲ ಅದು. ಹಸಿಯಿದ್ದರೆ ಕುರಪಿಗೆ ಅಂಟುತ್ತದೆ, ಒಣಗಿದರೆ ಕುರಪಿಯನ್ನೇ ಮುರಿಯುತ್ತದೆ. ಗೌಡರ ಹತ್ತಿಯಲ್ಲಿ ಕಳೆ ತೆಗೆಯುವ ಹೆಂಗಸರು ಬೆಳಗಿನಿಂದ ಬಗ್ಗಿದವರು ಇನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ. ಬುತ್ತಿಯ ರೊಟ್ಟಿ ಬದುವಿನ ಮೇಲೆ ಬಿಸಿಲಿಗೆ ಹಪ್ಪಳವಾಗುತ್ತಿತ್ತು.

ಆಗ ದಾರಿಯಲ್ಲಿ ಟ್ರ್ಯಾಕ್ಟರ್ ಬಂತು. ಅದರ ಟೇಪಿನಲ್ಲಿ ಹಾಡು. ಬಾಯವ್ವನದೇ ಹಾಡು, ಬಾಯವ್ವನದೇ ದನಿ.

ಎಳ್ಳಿನ ಹೊಲದಾಗ ಎರಡೆತ್ತ ಬಿಟಬಂದು
ಬೆಳ್ಳನ್ನ ರುಮಾಲ ಬಿಗಿಸುತ್ತಿ | ನನ್ನರಸ
ಹಳ್ಳ ದಾಟ್ಯಾನ ಅಂದಾನೆಪ್ಪ

ಕೊನೆಯ ಸಾಲು ಬರುತ್ತಲೇ ಟ್ರೇಲರಿನಲ್ಲಿ ಕುಂತ ಗಂಡಸರು ಒಟ್ಟಿಗೆ ಕೂಗಿದರು. ಒಬ್ಬ ಸಿಳ್ಳೆ ಹಾಕಿದ. ಇನ್ನೊಬ್ಬ ಎದ್ದು ನಿಂತು, "ಅಂದಾನೆಪ್ಪನ ಹೇಂತೀ! ನಾವೂ ಹಳ್ಳ ದಾಟಿ ಬರೂನೇನ?" ಅಂದ. ನಗೆ ಟ್ರ್ಯಾಕ್ಟರಿನ ಸದ್ದಿಗಿಂತ ಜೋರಾಗಿತ್ತು.

ಬಾಯವ್ವನ ಕೈ ನಿಂತಿತು. ಇದೇ ಹಾಡು ಹೋದ ವರ್ಷದಿಂದ ಊರೂರಲ್ಲಿ ಕೇಳುತ್ತಿತ್ತು. ಇದೇ ದಾರಿಯಲ್ಲಿ, ಇದೇ ಗಂಡಸರು, "ಚಲೋ ಹಾಡೀಯವ್ವಾ, ನನ್ನ ತಂಗಿ ನೆನಪಾದ್ಲು" ಎಂದು ಕೈಮುಗಿದು ಹೋಗಿದ್ದುಂಟು. ಈಗ ಏನು ಬಂತು ಇವರಿಗೆ? ಯಾವ ದೆವ್ವ ಹೊಕ್ಕಿತು?

"ತಂಗೆವ್ವಾ, ಇವ್ರು ಯಾಕ ಹಿಂಗ ಅಂದ್ರ?"

ತಂಗೆವ್ವ ಬಾಯವ್ವನ ಓಣಿಯವಳು. ಹಾಡಿಗೆ ಹಿಮ್ಮೇಳ ಹಾಡಿದವಳು. ಯಾರ ಮುಂದೆಯೂ ಬಾಯಿ ಕಟ್ಟಿಕೊಳ್ಳದ ಹೆಂಗಸು ಈಗ ತಲೆ ತಗ್ಗಿಸಿದಳು.

"ಹೇಳಬಾರದಂತ ಮಾಡಿದ್ನೆವ್ವಾ. ಕ್ಯಾಸೆಟ್ ಅಂಗಡಿ ಸುಭಾಸ ನಮ್ಮ ಹಾಡಿಗಿ ಸೀಡಿ ಮಾಡ್ಯಾನಂತ. ಬೈಲಹೊಂಗಲದಾಗ ಅವನ ಅಂಗಡಿ ಮುಂದ ಟೀವಿ ಇಟ್ಟ ತೋರಸಾಕ ಹತ್ಯಾರ."

"ತೋರಸ್ಲಿ ಬಿಡು. ಹಾಡೂದನ್ನ ತೋರಸ್ತಾರ."

"ನಾವು ಹಾಡೂದನ್ನ ಅಲ್ಲ," ಅಂದಳು ತಂಗೆವ್ವ. ಮತ್ತೆ ಕಳೆಗೆ ಬಗ್ಗಿದಳು.

ಸಂಜೆಯವರೆಗೆ ಬಾಯವ್ವ ಕಳೆಯ ಜೊತೆ ಹತ್ತಿಯ ಗಿಡಗಳನ್ನೂ ಕಿತ್ತಳು. ಗೌಡರ ಆಳಿನ ಕೈಲಿ ಬೈಸಿಕೊಂಡಳು.

ಆ ಹಾಡು ತೊಟ್ಟಿಲು ಕಳಿಸುವ ಹಾಡು. ಚೊಚ್ಚಲ ಬಾಣಂತಿ ತವರಿನಿಂದ ಕೂಸು ಕರೆದುಕೊಂಡು ಗಂಡನ ಮನೆಗೆ ಹೊರಡುವಾಗ ತೊಟ್ಟಿಲ ಸುತ್ತ ಕುಂತು ಹೆಂಗಸರು ಹಾಡುತ್ತಾರೆ. ಹಾಡು ಎತ್ತುವವಳು ಮೂರನೆಯ ಸಾಲಿನಲ್ಲಿ ತನ್ನ ಗಂಡನ ಹೆಸರನ್ನೇ ಇಡಬೇಕು. ಜನ್ಮದಲ್ಲಿ ಗಂಡನ ಹೆಸರು ಬಾಯಿಂದ ತೆಗೆಯದ ಹೆಂಗಸರು ಅವರು. ಸರಕಾರದವರು ಬಂದು ಕೇಳಿದರೂ ಪಕ್ಕದವಳ ಕೈಲಿ ಹೇಳಿಸುವವರು. ಆ ಒಂದು ಸಾಲಿನಲ್ಲಿ ಮಾತ್ರ ಅವರಿಗೆ ಪರವಾನಗಿ. ನನ್ನ ಗಂಡ ಬಂದು ಕರೆದೊಯ್ದ, ನಿನ್ನ ಗಂಡನೂ ಹಾಗೇ ಬರಲಿ ಎಂದು ಮಗಳನ್ನು ಹರಸುವುದು. ಹೆಸರಿಲ್ಲದೆ ಹಾಡಿದರೆ ಹರಕೆ ಅರ್ಧ ಎಂದು ಆ ಊರಿನವರ ನಂಬಿಕೆ.

ಬೈಲಹೊಂಗಲದ ಕ್ಯಾಸೆಟ್ ಅಂಗಡಿಯ ಸುಭಾಸ ಯಾರದೋ ಮನೆಯ ತೊಟ್ಟಿಲು ಕಳಿಸಲು ಬಂದವನು ಇದನ್ನು ಕೇಳಿದ್ದ. ಮರುದಿನವೇ ಜೀಪು ತಂದ. "ಅಕ್ಕಾರ, ನಿಮ್ಮ ದನಿ ಈ ಊರಾಗ ಹುಗದ ಹೋಗಬಾರದ್ರಿ" ಅಂದ. ಅಕ್ಕಾರ! ಗೌಡರ ಹೊಲದಲ್ಲಿ 'ಏ ಇವಳೇ' ಅನ್ನಿಸಿಕೊಳ್ಳುವ ಬಾಯವ್ವನಿಗೆ ಅಷ್ಟೇ ಸಾಕಾಯಿತು. ಅಂಗಡಿಯ ಹಿಂದಿನ ಕೋಣೆ, ಗೋಡೆಗೆಲ್ಲ ಗಾದಿ ಹೊಡೆದಿದ್ದರು. "ಮನ್ಯಾಗ ಹೆಂಗ ಹಾಡ್ತೀರಿ ಹಂಗ ಹಾಡ್ರಿ" ಅಂದರು. ಅವಳು ಹಾಗೇ ಹಾಡಿದಳು, ಗಂಡನ ಹೆಸರಿಟ್ಟು. ಬೇರೆ ಹೆಸರು ಇಡಬಹುದಿತ್ತು ಎಂದು ಅವಳಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆದೀತು? ಬೇರೆ ಗಂಡಸಿನ ಹೆಸರು ಅಲ್ಲಿ ಹೇಗೆ ಇಟ್ಟಾಳು?

ಹಾಡಿದ ಮೇಲೆ ಸುಭಾಸ ಸೀರೆ, ಕುಬಸ, ತೆಂಗಿನಕಾಯಿ ತಂದು ತನ್ನ ಹೆಂಡತಿಯ ಕೈಲಿ ಉಡಿ ತುಂಬಿಸಿದ. ಖದೀಮ ಎಂದರೆ ಅವನೇ ನೋಡಿ. ಉಡಿ ತುಂಬಿಸಿಕೊಂಡ ಹೆಣ್ಣುಮಗಳು ತುಂಬಿದವರ ಹತ್ತಿರ ಮತ್ತೇನು ಕೇಳಿಯಾಳು? ಕಣ್ಣಲ್ಲಿ ನೀರು ತಂದುಕೊಂಡು ಮನೆಗೆ ಬಂದಳು.

ಕ್ಯಾಸೆಟ್ಟು ಬಂದಾಗ ಅಂದಾನೆಪ್ಪ ಸಿಟ್ಟಿಗೇಳಲಿಲ್ಲ. ಚಹಾದ ಅಂಗಡಿಯಲ್ಲಿ ಹಾಡು ಹತ್ತಿದರೆ ಮುಖ ಆಚೆ ತಿರುಗಿಸಿ ನಗುತ್ತಿದ್ದನಂತೆ. ಆದರೆ ಅವತ್ತಿನಿಂದ ಬಿಳಿ ರುಮಾಲನ್ನು ಮೊದಲಿಗಿಂತ ಬಿಗಿಯಾಗಿ, ಚೆಂದಗೆ ಸುತ್ತತೊಡಗಿದ್ದ. ಬಾಯವ್ವ ಅದನ್ನು ಕಂಡೂ ಕಾಣದ ಹಾಗೆ ಇದ್ದಳು.

ಸಂತೆಯ ದಿನ ಇಬ್ಬರೂ ಹೆಂಗಸರು ಬೈಲಹೊಂಗಲಕ್ಕೆ ಹೋದರು. ಅಂಗಡಿಯ ಮುಂದೆ ಗಂಡಸರು ಗಿಜಿಗಿಜಿ. ಬಾಯವ್ವ ಸೆರಗು ಹಣೆಯವರೆಗೆ ಎಳೆದುಕೊಂಡು ಸಂದಿಯಿಂದ ನೋಡಿದಳು.

ಟೀವಿಯಲ್ಲಿ ಒಂದು ಹಳ್ಳ. ನೀರಿನಲ್ಲಿ ಒಬ್ಬ ಹುಡುಗಿ, ಮೈಗೆ ಅಂಟಿದ ತೆಳು ಸೀರೆ. ಕರಿ ಕನ್ನಡಕದವನೊಬ್ಬ ಮೋಟಾರ್ ಸೈಕಲ್ಲಿನಿಂದ ಇಳಿದ. ಅವನ ಕೈಯಲ್ಲಿ ಬಿಳಿ ರುಮಾಲು. ಅದನ್ನು ತಲೆಗೆ ಸುತ್ತಲಿಲ್ಲ, ಹುಡುಗಿಯ ಸೊಂಟಕ್ಕೆ ಹಾಕಿ ಎಳೆದ. "ಹಳ್ಳ ದಾಟ್ಯಾನ ಅಂದಾನೆಪ್ಪ" ಎಂದು ಬಾಯವ್ವನ ದನಿ ಹಾಡಿತು. ಚಿತ್ರ ಹುಡುಗಿಯ ಹೊಕ್ಕುಳಿಗೆ ಹೋಗಿ ಅಲ್ಲೇ ನಿಂತಿತು. ಗಂಡಸರು ಹೋ ಎಂದರು.

ಮುಂದಿನ ನುಡಿಯಲ್ಲಿ ಕೂಸಿನ ತಲೆಯ ಕುಂಚಿಗೆ ಬಿಸಿಲಿಗೆ ಬಾಡೀತು, ನನ್ನ ಸೆರಗು ಹಾಸಿ ನೆರಳು ಮಾಡಿಕೊಡುತ್ತೇನೆ ಎಂದು ತಾಯಿ ಹೇಳುವುದಿತ್ತು. ಟೀವಿಯ ಹುಡುಗಿ ಮರಳಿನ ಮೇಲೆ ಸೆರಗು ಹಾಸಿದಳು. ಅಲ್ಲಿ ಕೂಸು ಇರಲಿಲ್ಲ. ತೊಟ್ಟಿಲೂ ಇರಲಿಲ್ಲ.

ಬಾಯವ್ವನಿಗೆ ತನ್ನ ಬಟ್ಟೆಯನ್ನೇ ಸಂತೆಯಲ್ಲಿ ಯಾರೋ ಎಳೆದ ಹಾಗಾಯಿತು. ಬಾಯಿ ತನ್ನದು, ಮೈ ಯಾರದೋ. ಆ ಹುಡುಗಿಯ ತುಟಿ ಹಾಡಿಗಿಂತ ಹಿಂದೆ ಬೀಳುತ್ತಿತ್ತು. ಪಾಪ, ಅವಳಿಗೆ ಹಾಡೇ ಗೊತ್ತಿರಲಿಲ್ಲ. ನಗುತ್ತಿದ್ದಳು, ಆದರೆ ಗದ್ದ ಚಳಿಗೆ ಗಡಗಡ ನಡುಗುತ್ತಿತ್ತು. ಯಾರ ಮಗಳೋ, ಏನು ಹೇಳಿ ನೀರಿಗೆ ಇಳಿಸಿದರೋ.

ಸೀಡಿಯ ಪಾಕೀಟಿನ ಮೇಲೆ ಆ ಹುಡುಗಿಯ ಪಕ್ಕದಲ್ಲೇ ತಲೆ ತುಂಬ ಸೆರಗು ಹೊದ್ದ ಬಾಯವ್ವನ ಫೋಟೋ ಇತ್ತು.

ಸುಭಾಸ ಗಲ್ಲಾದ ಹಿಂದೆ ಕುಂತಿದ್ದ. ಬಾಯವ್ವ ಬಾಗಿಲಲ್ಲೇ ನಿಂತಳು. ತಂಗೆವ್ವ ರಟ್ಟೆ ಹಿಡಿದು ನಡೆಸಿದಳು.

"ಯಣ್ಣಾ, ಅದನ್ನ ಬಂದ ಮಾಡ್ರಿ. ಕೈ ಮುಗೀತೇನ್ರಿ. ನಮ್ಮ ಮನಿಯಾವ್ರ ಹೆಸರೈತ್ರಿ ಅದರಾಗ."

"ಹೆಸರಿನಿಂದನ ಓಡಾಕ ಹತ್ತೇತಿ ಬಾಯವ್ವಾ! ರಾಮದುರ್ಗ, ಸವದತ್ತಿ ಎಲ್ಲಾ ಕಡೆ 'ಅಂದಾನೆಪ್ಪನ ಸೀಡಿ ಕೊಡ್ರಿ' ಅಂತ ಕೇಳ್ತಾರ."

"ಅದು ತೊಟ್ಟಿಲ ಹಾಡ್ರಿ. ಹಾಡಿಗೂ ಚಿತ್ರಕ್ಕೂ ಏನ ಸಂಬಂಧ?"

"ಸಂಬಂಧ ಇರಬೇಕಂತ ಯಾರ ಹೇಳ್ಯಾರ?" ಸುಭಾಸ ನಕ್ಕ. ಸಿಟ್ಟಿನ ನಗೆಯಲ್ಲ, ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವ ನಗೆ. "ಈಗ ಬರೇ ಹಾಡ ಯಾರ ಕೇಳ್ತಾರ? ಅರಬಿ ಅಂಗಡಿ ಮುಂದ ಬೊಂಬಿಗೆ ಸೀರಿ ಉಡಿಸಿ ನಿಂದ್ರಸ್ತಾರಲ್ಲ, ಹಂಗ ಇದು. ಬೊಂಬಿ ನೋಡಿ ಮಂದಿ ಒಳಗ ಬರ್ತಾರ."

"ಬೊಂಬಿಗೆ ಸೀರಿ ಉಡಸ್ತಾರೋ ಯಪ್ಪಾ," ಅಂದಳು ತಂಗೆವ್ವ, "ನೀ ನಮ್ಮ ಹಾಡಿನ ಸೀರಿ ಬಿಚ್ಚೀದಿ."

ಸುಭಾಸನ ನಗೆ ಹೋಯಿತು. ಬಾಯವ್ವ ಹೆದರಿ ತಂಗೆವ್ವನ ಕೈ ಜಗ್ಗಿದಳು. ಏನು ಮಾತಾಡಿದರೆ ಏನಾದೀತೋ ಎಂದು ಗಾಬರಿಯಲ್ಲಿ ಇದ್ದದ್ದನ್ನೆಲ್ಲ ಒದರಿಬಿಟ್ಟಳು: "ಹಂಗಲ್ರೀ ಯಣ್ಣಾ, ಸೋಮಾರ ಮಗಳ ತೊಟ್ಟಿಲ ಕಳಸೂದೈತಿ. ರಾಮದುರ್ಗದ ಕಡಿಂದ ಬೀಗರು ಬರ್ತಾರ. ಇದು ಅವ್ರ ಕಣ್ಣಿಗಿ ಬಿದ್ರ ನನ್ನ ಶೀತಲನ್ನ ಕರಕೊಂಡ ಹೋಗೂದಿಲ್ರಿ. ಮಗಳ ಬಾಳೇ ಹೋಗತೈತ್ರಿ. ಅಷ್ಟ ದಿನರೆ ನಿಂದ್ರಸ್ರಿ."

ಸುಭಾಸ ಗಲ್ಲಾದ ಮೇಲೆ ಮುಂದಕ್ಕೆ ಬಾಗಿದ. "ಸೋಮಾರ? ಖರೇ ತೊಟ್ಟಿಲ, ಖರೇ ಕೂಸು?" ಅಂದ. ಆಮೇಲೆ ದನಿ ಮೆತ್ತಗೆ ಮಾಡಿ, "ಊರಿಗಿ ಹೋಗ್ರಿ. ನಾ ನೋಡ್ತೇನಿ" ಅಂದ. ನೋಡುತ್ತೇನೆ ಅಂದದ್ದು ಎಂಥ ನೋಟ ಎಂದು ಬಾಯವ್ವನಿಗೆ ಆಗ ಗೊತ್ತಾಗಲಿಲ್ಲ.

ಮನೆಗೆ ಬಂದರೆ ಶೀತಲ ಹೊಸ್ತಿಲ ಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಂತಿದ್ದಳು. ಗಂಡನ ಮನೆಯಿಂದ ಏನಾದರೂ ಸುದ್ದಿ ಬಂತೇ ಎಂದು ಕೇಳಲು ಬಾಯವ್ವನಿಗೆ ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅಂದಾನೆಪ್ಪ ಬಂದ. ತಲೆಯ ಮೇಲೆ ರುಮಾಲು ಇರಲಿಲ್ಲ.

ಮದುವೆಯಾದಂದಿನಿಂದ ಅವನು ಬರಿತಲೆಯಲ್ಲಿ ಹೊರಗೆ ತಿರುಗಿದ್ದನ್ನು ಬಾಯವ್ವ ಕಂಡಿರಲಿಲ್ಲ. ರುಮಾಲನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡಿದ್ದ. ಚಹಾದ ಅಂಗಡಿಯಲ್ಲಿ ಯಾರೋ ಅದನ್ನು ಎಳೆದು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಕುಣಿದರು ಎಂದು ಆಮೇಲೆ ತಿಳಿಯಿತು. ಅಂದಾನೆಪ್ಪ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ರುಮಾಲನ್ನು ಬಟ್ಟೆ ಹಾಕುವ ಗಳುವಿನ ಮೇಲೆ ಹಾಕಿ ಗೋಡೆಗೆ ಮುಖ ಮಾಡಿ ಮಲಗಿದ. ಬಡಿದಿದ್ದರೆ ಬಾಯವ್ವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅವಳ ಕಣ್ಣು ಮೂಲೆಯ ಬಾಟಲಿಗೆ ಹೋಯಿತು. ಗೌಡರ ಹತ್ತಿಗೆ ಹೊಡೆಯುವ ಎಣ್ಣೆ, ಹುಳ ಸಾಯಿಸುವುದು. ಹುಳವನ್ನಷ್ಟೇ ಅಲ್ಲ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಸಗಣಿ ಕುಳ್ಳಿನ ರಾಶಿಯೊಳಗೆ ತುರುಕಿದಳು.

ಬೆಳಗ್ಗೆ ಅಂದಾನೆಪ್ಪ ಮೂಲೆ ತಡಕಿದ. "ಎಣ್ಣಿ ಬಾಟ್ಲಿ ಎಲ್ಲೈತಿ?"

ಬಾಯವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಅಡ್ಡ ಬಿತ್ತು. "ನಂಗೊತ್ತಿಲ್ರಿ."

"ಹೊಲಕ್ಕ ಹೊಡೀಬೇಕು. ಕೊಡು."

"ನಂಗೊತ್ತಿಲ್ಲಂದ್ನೆಲ್ರಿ!" ದನಿ ಒಡೆದು ಅಳು ಬಂತು. ಅಂದಾನೆಪ್ಪ ಅವಳನ್ನು ದಿಟ್ಟಿಸಿ ನೋಡಿದ. ಅವನಿಗೆ ತಿಳಿಯಿತು.

"ಹುಚ್ಚಿ," ಅಂದ. "ನಾ ಯಾಕ ಸಾಯ್ಲಿ? ಏನ ಕದ್ದೇನಿ ನಾನು?" ಹೊರಗೆ ಹೋಗುತ್ತ ಬಾಗಿಲಲ್ಲಿ ನಿಂತು, "ನೀನರೆ ಏನ ಕದ್ದೀದಿ?" ಅಂದ. ಆದರೆ ರುಮಾಲು ಗಳುವಿನ ಮೇಲೇ ಇತ್ತು. ಬಾಯವ್ವ ಬಾಟಲಿ ತೆಗೆದುಕೊಡಲಿಲ್ಲ.

ಸೋಮವಾರ ಬೀಗರು ಬಂದರು. ಬೀಗತಿ ಲಗಮವ್ವ, ಅವಳ ಹಿಂದೆ ಅಳಿಯ ಸಚಿನ. ಲಗಮವ್ವ ನೀರು ಕುಡಿದಳು, ಬೆಲ್ಲ ಮುಟ್ಟಲಿಲ್ಲ. ಸಚಿನ ಮಾವನ ಮುಖ ನೋಡದೆ ಕೂಸಿನ ಮುಖ ಒಂದನ್ನೇ ನೋಡಿದ. ಬಾಯವ್ವನಿಗೆ ಎಲ್ಲ ಗೊತ್ತಾಯಿತು. ನೋಡಿಬಿಟ್ಟಿದ್ದಾರೆ. ಮಗಳ ಕಡೆ ತಿರುಗಿದಳು. ಶೀತಲ ಹೊಸ ಸೀರೆಯ ನೆರಿಗೆಯನ್ನು ಬೆರಳಲ್ಲಿ ಹಿಂಡುತ್ತಿದ್ದಳು.

ತೊಟ್ಟಿಲನ್ನು ಪಡಸಾಲೆಯ ನಡುವೆ ಇಟ್ಟರು. ಓಣಿಯ ಹೆಂಗಸರು ಬಂದು ಸುತ್ತ ಕುಂತರು. ಹೊರಗೆ ಜೀಪು ನಿಂತ ಸದ್ದು.

ಸುಭಾಸ ಬಂದ. ಅವನ ಹಿಂದೆ ಹೆಗಲ ಮೇಲೆ ಕ್ಯಾಮರಾ ಹೊತ್ತವನು, ಲೈಟು ಹಿಡಿದವನು. ಸುಭಾಸನ ಕೈಯ ತಾಟಿನಲ್ಲಿ ರೇಶಿಮೆ ಸೀರೆ, ತೆಂಗಿನಕಾಯಿ, ಹೂವು. "ಬಾಯವ್ವಾ, ನಿಂದ ಮಾತ ಖರೇ ಐತಿ. ತೊಟ್ಟಿಲ ಇಲ್ಲದ ಹಾಡ ಚಂದ ಕಾಣ್ಸೂದಿಲ್ಲ. ಎರಡನೇ ಭಾಗದಾಗ ಎಲ್ಲಾ ಹಾಕೂನು. ಕುಣಿಯಾಕಿನೂ ಇರ್ಲಿ, ತೊಟ್ಟಿಲಾನೂ ಇರ್ಲಿ. ಏಳು, ಉಡಿ ಒಡ್ಡು."

ಲೈಟು ಹತ್ತಿತು. ಮಣ್ಣಿನ ಗೋಡೆ, ಗಳು, ಅದರ ಮೇಲಿನ ರುಮಾಲು, ಕೂಸಿನ ಕಣ್ಣು, ಎಲ್ಲವೂ ಬಯಲಾದವು. ಕೂಸು ಕಿರುಚಿ ಅತ್ತಿತು.

ಬಾಯವ್ವ ಎದ್ದಳು. ಉಡಿಯನ್ನು ಒಲ್ಲೆ ಅನ್ನುವುದು ಸಣ್ಣ ಮಾತಲ್ಲ, ಮನೆಗೆ ಒಳ್ಳೆಯದಲ್ಲ ಎಂದು ಕೇಳಿ ಬೆಳೆದವಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಎದೆಗೆ ಒತ್ತಿಕೊಂಡಳು. ಒಡ್ಡಲಿಲ್ಲ. ಸುಭಾಸನ ತಾಟು ಗಾಳಿಯಲ್ಲೇ ನಿಂತಿತು.

"ಆತು, ಉಡಿ ಬ್ಯಾಡ. ಹಾಡರೆ ಹಾಡ್ರಿ."

ಯಾರೂ ಹಾಡು ಎತ್ತಲಿಲ್ಲ. ಲಗಮವ್ವ ಆಗ ಮಾತಾಡಿದಳು. "ಯಾಕ ಹಾಡವೊಲ್ರಿ, ಬೀಗತಿ?"

"ಹಾಡಿದ್ರ ಇವ್ರು ಒಯ್ತಾರ."

"ನಾ ನೋಡೇನಿ ಆ ಸೀಡಿ," ಅಂದಳು ಲಗಮವ್ವ. "ನಮ್ಮ ಊರಾಗ ಬಾಡಿಗಿ ಟೀವಿ ತಂದ ತೋರಿಸ್ಯಾರ. ನನ್ನ ಮಗಗ ಗೆಳ್ಯಾರು ಏನೇನ ಅಂದ್ರಂತ ನಿಮಗ ಹೇಳೂದಿಲ್ಲ. ಮಂದಿ ಗದ್ದಲದಾಗ ಹಾಡ ನನಗ ಸರಿ ಕೇಳ್ಸಲಿಲ್ಲ. ಹಾಡ ಹೊಲಸೋ, ಚಿತ್ರ ಹೊಲಸೋ ನೋಡೂನಂತ ಬಂದೇನಿ. ಹಾಡ್ರಿ. ಕೇಳಿ ಹೇಳ್ತೇನಿ, ಸೊಸಿನ್ನ ಕರಕೊಂಡ ಹೋಗ್ತೇನೋ ಇಲ್ಲೋ."

ಅಯ್ಯೋ ಶಿವನೇ! ಹಾಡಿದರೆ ಕ್ಯಾಮರಾದ ಬಾಯಿಗೆ. ಹಾಡದಿದ್ದರೆ ಮಗಳ ಬಾಳು. ಶೀತಲ ತಾಯಿಯ ಮುಖ ನೋಡುತ್ತಿದ್ದಳು. ಬಾಯವ್ವ ಸುಭಾಸನ ಕಡೆ ಕೈ ತೋರಿಸಿದಳು.

"ಇವ್ರು ಹೊರಗ ಹೋಗೂತನಕ ನಾ ಹಾಡೂದಿಲ್ಲ," ಅಂದಳು. ಹೇಳಿದ್ದು ತಾನೇ ಎಂದು ನಂಬಲಿಕ್ಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಮಗಳನ್ನ ಬಿಟ್ಟ ಹೋಗ್ತೇನಂದ್ರ ಬಿಟ್ಟ ಹೋಗ್ರಿ, ಬೀಗತಿ. ಹಾಡೂದಿಲ್ಲ."

ಸುಭಾಸ ಗಹಗಹಿಸಿ ನಕ್ಕ. "ನೀ ಹಾಡದಿದ್ರ ನಿಂತ ಹೋಗತೈತೇನ? ನಿನ್ನ ದನಿ ನನ್ನ ಕಡೆ ಐತೆವ್ವಾ. ಚಿತ್ರ ಈಗ ತಗೀತೇನಿ, ಹಾಡ ಆಮ್ಯಾಲ ಹಚ್ಚತೇನಿ. ನೀವು ಬರೇ ತೊಟ್ಟಿಲ ಹೊತ್ತ ನಡೀರಿ." ಹೊರಗೆ ಹೋಗಿ ಜೀಪಿನ ಟೇಪು ಹಚ್ಚಿದ.

ಬಾಯವ್ವನ ದನಿ ಅಂಗಳದಿಂದ ಒಳಗೆ ಬಂತು. ಎಳ್ಳಿನ ಹೊಲ ಬಂತು, ಎತ್ತು ಬಂದವು, ಬಿಳಿ ರುಮಾಲು ಬಂತು. ತಾನು ಬಾಯಿ ಮುಚ್ಚಿಕೊಂಡು ಕುಂತಿದ್ದರೂ ತನ್ನ ದನಿ ಹಾಡುತ್ತಿದೆ. ಬಾಯವ್ವನಿಗೆ ಜೀವ ಇರುವಾಗಲೇ ತನ್ನ ದೆವ್ವವನ್ನು ಕಂಡಷ್ಟು ಭಯವಾಯಿತು.

ಲಗಮವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಲ್ಲಿ ಟೀವಿ ಇರಲಿಲ್ಲ, ಸಿಳ್ಳೆ ಇರಲಿಲ್ಲ. ಕೂಸಿನ ಕುಂಚಿಗೆಯ ನುಡಿ ಬಂದಾಗ ಅವಳ ಕೈ ತಾನಾಗಿ ಮೊಮ್ಮಗುವಿನ ತಲೆಯ ಮೇಲೆ ಹೋಯಿತು. ಹಾಡು ಮುಗಿಯಿತು. ಕಣ್ಣು ತೆರೆದಳು.

"ಇದರಾಗ ಹೊಲಸ ಏನೈತಿ?" ಅಂದಳು. "ನಮ್ಮವ್ವನೂ ಹಿಂಗ ನಮ್ಮಪ್ಪನ ಹೆಸರಿಟ್ಟ ಹಾಡಿ ನನ್ನ ಕಳಿಸಿದ್ಲು." ಮತ್ತೆ ಮಗನತ್ತ ತಿರುಗಿ, "ಲೇ ಸಚಿನಾ, ಯಾಕ ಮಾರಿ ಮುಚಗೊಂಡ ಕುಂತೀ? ಕೂಸಿನ್ನ ಎತಗೋ."

ಶೀತಲ ಹೋ ಎಂದು ಅತ್ತಳು. ಹೊರಗೆ ಸುಭಾಸ ಮತ್ತೆ ಟೇಪು ಹಚ್ಚಿದ್ದ. ಕ್ಯಾಮರಾದವನು ಅಂಗಳದಲ್ಲಿ ಕಾದಿದ್ದ.

"ಬೆನ್ನ ಮಾಡ್ರೇ ಎಲ್ಲಾರೂ," ಅಂದಳು ತಂಗೆವ್ವ. ಹೆಂಗಸರು ಕ್ಯಾಮರಾಕ್ಕೆ ಬೆನ್ನು ಮಾಡಿ, ಸೆರಗಿಗೆ ಸೆರಗು ಹಿಡಿದು, ತಾಯಿ ಕೂಸು ತೊಟ್ಟಿಲು ಮೂರನ್ನೂ ನಡುವೆ ಇಟ್ಟುಕೊಂಡು ಹೊರಟರು. ಕ್ಯಾಮರಾದವನು ಎಡಕ್ಕೆ ಓಡಿದರೆ ಸೆರಗು ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ. ಸುಭಾಸ ಜೀಪು ಹತ್ತಿ ಬೆನ್ನಟ್ಟಿದ. ಹಳ್ಳದ ದಂಡೆಯ ತನಕ ಹಾಡು ಹಾಕಿಕೊಂಡೇ ಬಂದ.

ಅಲ್ಲಿ ಬಾಯವ್ವ ತಿರುಗಿ ನಿಂತಳು. ಜೀಪಿನ ಮುಂದೆ ನೆಲಕ್ಕೆ ಕುಂತಳು. ಧೈರ್ಯದಿಂದ ಅಲ್ಲ, ಕಾಲು ಅವಳನ್ನು ಹೊರಲು ಒಲ್ಲೆ ಅಂದಿದ್ದವು. ಅವಳ ಪಕ್ಕ ತಂಗೆವ್ವ ಕುಂತಳು, ಆಮೇಲೆ ಎಲ್ಲರೂ. ಲಗಮವ್ವನೂ ಸೊಂಟ ಹಿಡಿದುಕೊಂಡು ಕುಂತಳು.

"ಬಂದ ಮಾಡು," ಅಂದಳು ಬಾಯವ್ವ. "ಕ್ಯಾಸೆಟ್ ಕೊಡು."

"ಏಳ್ರಿ ಮ್ಯಾಲ! ಪೊಲೀಸ್ರನ್ನ ಕರಸ್ತೇನಿ."

"ಕರಸು. ನಮ್ಮ ದನಿ ಕೊಡು."

ಜೀಪಿನ ಹಿಂದೆ ಊರ ಗಂಡಸರು ಬಂದು ನಿಂತಿದ್ದರು. ಅವರಲ್ಲಿ ಮೊನ್ನೆ ಸಿಳ್ಳೆ ಹಾಕಿದವರೂ ಇದ್ದರು. ಈಗ ಯಾರೂ ನಗಲಿಲ್ಲ. ಸುಭಾಸ ಹಿಂದೆ ನೋಡಿದ, ಮುಂದೆ ನೋಡಿದ. ಟೇಪು ಬಂದ್ ಮಾಡಿ ಕ್ಯಾಸೆಟ್ಟನ್ನು ಬಾಯವ್ವನ ಮಡಿಲಿಗೆ ಒಗೆದ.

"ತಗೋ. ಗುದಮುರಿಗಿ ಮಾಡಿ ಒಂದ ತಗೊಂಡಿ. ನನ್ನ ಕಡೆ ಇಂಥಾವು ಗಂಟಗಟ್ಟಲೆ ಅದಾವ. ನಾಕೂ ತಾಲೂಕಿನಾಗ ಮನಿ ಮನಿಗೆ ಅದಾವ. ಎಲ್ಲಿಲ್ಲಿ ಹೋಗಿ ಕುಂದರ್ತೀ?"

ಜೀಪು ತಿರುಗಿಕೊಂಡು ಹೋಯಿತು. ಅವನು ಹೇಳಿದ್ದು ಸುಳ್ಳಲ್ಲ. ಆ ಹೊತ್ತಿಗೂ ಎಲ್ಲೋ ಒಂದು ಟೀವಿಯಲ್ಲಿ ಆ ಹುಡುಗಿ ನೀರಿನಲ್ಲಿ ನಡುಗುತ್ತಿದ್ದಳು, ಗಂಡಸರು ಹೋ ಅನ್ನುತ್ತಿದ್ದರು.

ಅಂದಾನೆಪ್ಪ ಮನೆಯ ಕಡೆಯಿಂದ ಬಂದ. ತಲೆಗೆ ರುಮಾಲು ಸುತ್ತಿದ್ದ. ಯಾರ ಕಡೆಯೂ ನೋಡದೆ ತೊಟ್ಟಿಲನ್ನು ಹೆಗಲಿಗೆ ಏರಿಸಿ ಹಳ್ಳಕ್ಕೆ ಇಳಿದ. ಹಿಂದೆ ಸಚಿನ, ಶೀತಲ.

"ಈಗ ಹಾಡವ್ವಾ," ಅಂದಳು ಲಗಮವ್ವ.

ಬಾಯವ್ವ ಎತ್ತಿದಳು. ಎಳ್ಳಿನ ಹೊಲ ಅಂದಳು, ಬಿಳಿ ರುಮಾಲು ಅಂದಳು. ಹಳ್ಳ ದಾಟ್ಯಾನ, ಅಂದಳು. ಹೆಸರಿನ ಜಾಗಕ್ಕೆ ಬಂದಾಗ ಕರಿ ಕನ್ನಡಕ ಕಣ್ಣ ಮುಂದೆ ನಿಂತಿತು, ಹೊಕ್ಕುಳು ನಿಂತಿತು, ಸಿಳ್ಳೆ ಕೇಳಿತು. ದನಿ ಹೊರಡಲಿಲ್ಲ. ಮತ್ತೆ ಎತ್ತಿದಳು, ಮತ್ತೆ ಅಲ್ಲೇ ನಿಂತಿತು. ನಡುನೀರಿನಲ್ಲಿ ಅಂದಾನೆಪ್ಪ ತೊಟ್ಟಿಲು ಹೊತ್ತು ಹಿಂತಿರುಗಿ ನೋಡುತ್ತ ಕಾದ. ಒಂದೇ ಒಂದು ಸಾಲಿನಲ್ಲಿ ಅವಳಿಗೆ ಸಿಗುತ್ತಿದ್ದ ಗಂಡನ ಹೆಸರು ಅದು. ಅದನ್ನೂ ಒಯ್ದಿದ್ದರು. ಕಡೆಗೆ ತಂಗೆವ್ವ ತನ್ನ ಗಂಡನ ಹೆಸರಿಟ್ಟು ಹಾಡು ಮುಗಿಸಿದಳು. ಶೀತಲ ಹಳ್ಳ ದಾಟಿದಳು.

ಮುಂದಿನ ಸಂತೆಯ ದಿನ, ಸುಭಾಸನ ಅಂಗಡಿಯ ಮುಂದೆ ಹೋಗಿ ಕುಂದರಲೆಂದು, ಬೈಲಹೊಂಗಲದ ಬಸ್ಸಿಗೆ ಊರ ಹೆಂಗಸರೆಲ್ಲ ಬಂದು ನಿಂತರು. ಲಗಮವ್ವ ಅತ್ತ ರಾಮದುರ್ಗದ ಕಡೆಯಿಂದ ತನ್ನ ಓಣಿಯವರನ್ನು ಕರೆದುಕೊಂಡು ಹೊರಟಿದ್ದಾಳೆ ಎಂದು ಸುದ್ದಿ ಬಂದಿತ್ತು. "ಅವ ಪೊಲೀಸ್ರನ್ನ ಕರಿಸಿ ಇಟ್ಟಾನಂತ," ಎಂದಳು ತಂಗೆವ್ವ. "ಹೆದರಿಕಿ ಆಗತೈತೇನ?"

"ಆಗತೈತಿ," ಅಂದಳು ಬಾಯವ್ವ. ಬಸ್ಸು ಬಂತು. ಅವಳು ಎಲ್ಲರಿಗಿಂತ ಮೊದಲು ಹತ್ತಿದಳು.